ಹಲ್ಲಿನ ಹುಳ

ನಿನ್ನೆ ಬದನೆಕಾಯಿ ಸುಡುತ್ತಿದ್ದೆ. ಸಿಪ್ಪೆ ಬಿರಿದು ನಾಲ್ಕು ಬೀಜ ಕೆಂಡಕ್ಕೆ ಬಿದ್ದು ಚಟಪಟ ಸಿಡಿದವು. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬಾಯಿ ಮುಚ್ಚಿಕೊಂಡಿತು. ಅರವತ್ತು ದಾಟಿದ ಹೆಂಗಸು ಒಲೆಯ ಮುಂದೆ ಹೀಗೆ ಕೂತರೆ ಕಂಡವರು ನಗುತ್ತಾರೆ. ನೀವೂ ನಗಿ, ಆದರೆ ಕಾರಣ ಕೇಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗ ಬಸವಕಲ್ಯಾಣದಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿದ್ದೆವು. ಮಗಳು ಸುಮಿತ್ರಾಗೆ ಮೂರು ವರ್ಷ. ಮಾತು ಜಾಸ್ತಿ, ಊಟ ಕಡಿಮೆ. ರೊಟ್ಟಿಯನ್ನು ನಾನೇ ಅಗಿದು ಮೆತ್ತಗೆ ಮಾಡಿ ಬಾಯಿಗಿಟ್ಟರಷ್ಟೇ ನುಂಗುತ್ತಿದ್ದಳು. ನಿದ್ದೆ ಬರಬೇಕಾದರೆ ಬೆಲ್ಲ ಕಟ್ಟಿದ ಅರಿವೆಯ ಗಂಟು ಬಾಯಲ್ಲಿರಬೇಕು. ಮಕ್ಕಳನ್ನು ಸಾಕುವುದರಲ್ಲಿ ನನ್ನಷ್ಟು ಜಾಣೆ ಓಣಿಯಲ್ಲೇ ಇಲ್ಲವೆಂಬ ಜಂಬ ನನಗೆ. ಆ ಚಳಿಗಾಲದ ಹೊತ್ತಿಗೆ ಅವಳ ಮುಂದಿನ ಹಲ್ಲುಗಳು ಒಸಡಿನ ಅಂಚಿನಿಂದ ಕಪ್ಪಾಗುತ್ತ ಬಂದು, ತುಕ್ಕು ಹಿಡಿದ ಮೊಳೆಗಳಂತೆ ಸವೆದವು. ಒಂದು ಬೆಳಿಗ್ಗೆ ಎಡಗೆನ್ನೆ ಊದಿತ್ತು.

"ಅವ್ವಾ, ಬಾಯಾಗ ಯಾರೋ ನಡದಾಡಾಕತ್ತಾರ," ಎಂದಳು. ಅಳಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ.

ಅತ್ತೆ ಹಳ್ಳಿ ಕಡೆಯಿಂದ ಒಬ್ಬ ಮುದುಕಿಯನ್ನು ಕರೆಸಿದರು. ಹಲ್ಲಿನ ಹುಳ ತೆಗೆಯುವುದು ಅವಳ ಕಸುಬು. ಅಗಲವಾದ ಹಿತ್ತಾಳೆ ತಟ್ಟೆ, ಪರಾತದಲ್ಲಿ ನೀರು ಹಾಕಿ, ನಡುವೆ ಹೆಂಚಿನ ಚೂರಿನ ಮೇಲೆ ಕೆಂಡವಿಟ್ಟು, ಎಣ್ಣೆ ಸವರಿದ ಕಾಡುಬದನೆಯ ಬೀಜ ಉದುರಿಸಿದಳು. ಮಗುವಿನ ಬಾಯಿ ತೆರೆಸಿ ಹೊಗೆಗೆ ಹಿಡಿದಳು. ಹೊಗೆ ಕಳೆದ ಮೇಲೆ ನೋಡಿದರೆ ನೀರಿನಲ್ಲಿ ಸಣ್ಣ ಬಿಳಿ ಹುಳಗಳು, ಸುರುಳಿ ಸುತ್ತಿಕೊಂಡು ತೇಲುತ್ತಿದ್ದವು.

"ನೋಡವಾ, ಎಷ್ಟ್ ಬಿದ್ದಾವ! ಒಳಗ ಇನ್ನೂ ಅದಾವ. ನಾಳಿಗೂ ಹೊಗಿ ಹಾಕು," ಎಂದು ಹಿಡಿ ಬೀಜ ಕೊಟ್ಟು ಹೋದಳು.

ಮರುದಿನ ಬಾವು ಕಣ್ಣಿನ ಕೆಳಗಿನ ತನಕ ಏರಿತ್ತು. ಮೈ ಕಾದ ಹಂಚು. ನಾನು ಪರಾತ ಸಿದ್ಧ ಮಾಡಿ, ಕೆಂಡಕ್ಕೆ ಬೀಜ ಹಾಕಿ, ಅವಳನ್ನು ಕರೆತರಲು ಒಳಗೆ ಹೋದೆ. ಕರೆದರೆ ಓಗೊಡಲಿಲ್ಲ. ಹೆಗಲಿಗೆ ಹಾಕಿಕೊಂಡು ಹೊರಬಂದು ಪರಾತಕ್ಕೆ ಬಗ್ಗಿದೆ. ಹುಳಗಳು ಆಗಲೇ ತೇಲುತ್ತಿದ್ದವು. ಆ ಹೊಗೆಯ ಹತ್ತಿರ ಯಾರ ಬಾಯೂ ಹೋಗಿರಲಿಲ್ಲ.

ಒಂದನ್ನು ಬೆರಳಲ್ಲಿ ಎತ್ತಿ ಹಿಸುಕಿದೆ. ಹುಳವಲ್ಲ, ಕೆಂಡದಲ್ಲಿ ಸಿಡಿದು ನೀರಿಗೆ ಹಾರಿದ ಬೀಜದೊಳಗಿನ ಮೊಳಕೆ.

ಅತ್ತೆ "ಎಲ್ಲಿಗಿ ಹೊಂಟೀ?" ಎಂದು ಕೂಗುತ್ತಿದ್ದಂತೆ ನಾನು ಹುಮನಾಬಾದಿನ ಬಸ್ಸಿಗೆ ಓಡಿದೆ.

ಅಲ್ಲಿನ ದವಾಖಾನೆಯಲ್ಲಿ ನನ್ನದೇ ವಯಸ್ಸಿನ ಡಾಕ್ಟರಮ್ಮ. ಕೀವು ಹರಿಸಿ, ನಾಲ್ಕು ಹಲ್ಲು ಕಿತ್ತರು. "ಇನ್ನೊಂದ್ ದಿನ ತಡಾ ಮಾಡಿದ್ರ ನನ್ನ ಕೈಲೆ ಆಗತಿರಲಿಲ್ರಿ," ಎಂದರು. ಮೂರನೆಯ ದಿನ ಜ್ವರ ಇಳಿದು ಮಗು ನೀರು ಕೇಳಿತು. ಆಗ ನನಗೂ ಬಾಯಿ ಬಂತು. "ಹಂಗಾದ್ರ ಹುಳಾ ಅನ್ನೂದು ಸುಳ್ಳೇನ್ರಿ?"

ಅವರು ನಗಲಿಲ್ಲ. ಮಗುವಿನ ಹಲ್ಲಿನಿಂದ ಒಂದಿಷ್ಟು ಕೊಳೆ ಕೆರೆದು ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಆ ಬೆಳಕಿನ ಬಟ್ಟಲಿನಲ್ಲಿ ಏನೇನೋ ಹೊರಳಾಡುತ್ತಿತ್ತು.

"ಹೊರಳಾಡೋವಲ್ಲರಿ. ಮಣಿ ಪೋಣಿಸಿದಂಗ ಸುಮ್ಮನ ಕುಂತಾವಲ್ಲ, ಅವು. ಸಿಹಿ ತಿಂದು ಹುಳಿ ಮಾಡ್ತಾವ. ಆ ಹುಳಿಗಿ ಹಲ್ಲು ಕರಗತಾವ."

ಆಮೇಲೆ ನನ್ನ ಹಲ್ಲಿನದನ್ನೂ ಕೆರೆದಿಟ್ಟರು. ಅವೇ ಮಣಿಸರಗಳು.

"ಹುಟ್ಟಿದ ಕೂಸಿನ ಬಾಯಾಗ ಇವು ಇರಂಗಿಲ್ಲ. ಎಂಜಲದಾಗ ಬರತಾವ. ಹೆಚ್ಚಾಗಿ ತಾಯಿಂದನ."

ನಾನು ಅಗಿದು ಕೊಟ್ಟ ಒಂದೊಂದು ತುತ್ತೂ ನೆನಪಾಯಿತು. ಗಾಜಿನಡಿಯಲ್ಲಿ ಅವು ಕದಲದೆ ಕೂತಿದ್ದವು, ನನ್ನ ಗುರುತು ಸಿಕ್ಕಿದಂತೆ. ಅಂದಿನಿಂದ ಅವಳ ತುಟಿಗೆ ಮುತ್ತಿಡಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ.

ಸುಮಿತ್ರಾಗೆ ಹೊಸ ಹಲ್ಲು ಗಟ್ಟಿಯಾಗಿಯೇ ಬಂದವು. ಈಗ ಅವಳ ಮಕ್ಕಳೇ ದೊಡ್ಡವರಾಗಿದ್ದಾರೆ. ನಿನ್ನೆ ಸುಮಿತ್ರಾ ಒಲೆಯ ಪಕ್ಕ ಬಂದು ಕೂತಾಗ ಮೊದಲ ಸಲ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬದನೆಕಾಯಿ ಹೊರಳಿಸುತ್ತ ಕೇಳಿದಳು:

"ಆ ಮಣಿಸರಾ ನಿನಗ ಯಾರ್ ಕೊಟ್ಟಿದ್ರವ್ವಾ?"

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ನಾಲ್ಕು ವರ್ಷದವಳಿದ್ದಾಗಲೇ ನಮ್ಮವ್ವ ತೀರಿಕೊಂಡಳು. ಮುಖ ನೆನಪಿಲ್ಲ. ಫೋಟೋ ಇಲ್ಲ, ಅವಳುಟ್ಟ ಒಂದು ಸೀರೆಯೂ ಉಳಿದಿಲ್ಲ. ನಾಲಿಗೆಯನ್ನು ಹಲ್ಲುಗಳ ಹಿಂದೆ ಮೆಲ್ಲಗೆ ಆಡಿಸಿದೆ. ಬಾಯಿ ಮುಕ್ಕಳಿಸಲು ತಂಬಿಗೆ ಎತ್ತಿದವಳು, ಹಾಗೆಯೇ ಕೆಳಗಿಟ್ಟೆ.