ಪರದೆಯಲ್ಲಿ ಗಾಳಿ ಇಲ್ಲದ ಜಾಗ

ಮೀನುಗಾರರ ಮಾತಿನ ಪದಕೋಶಕ್ಕಾಗಿ ತದಡಿಯ ನಾಗಪ್ಪಜ್ಜ ಹೇಳಿದ ಕಡಲ ಕತೆಗಳನ್ನೆಲ್ಲ ಟೇಪಿನಲ್ಲಿ ಹಿಡಿದು, ಪರವೂರಿನ ಶಾರದಾ ಎಂಬವರಿಗೆ ಟೇಪು ಕಳಿಸಿ ಟೈಪ್ ಮಾಡಿಸಿ, ಕಂಪ್ಯೂಟರಿಗೆ ತುಂಬಿದ್ದೆ. ಹಳೆಯ ಪರದೆಯಲ್ಲಿ ಹತ್ತು ಸಾಲು ಕಂಡರೆ ಹೆಚ್ಚು. ಎಂಬತ್ತರ ದಶಕದ ಕೊನೆಗೆ ಕುಮಟೆಯ ನಮ್ಮ ಕೋಣೆಗೆ ದೊಡ್ಡ ಪರದೆ ಬಂತು. ಎರಡು ಪುಟ ಒಟ್ಟಿಗೇ ಕಾಣುತ್ತಿತ್ತು!

‘ಗಾಳಿ’ ಎಂಬ ಪದ ಬಂದಲ್ಲೆಲ್ಲ ಹೊಳೆಯುವಂತೆ ಮಾಡಿದೆ. ಪರದೆ ತುಂಬ ಗಾಳಿ. ಆದರೆ ನಡುವೆ ಇಪ್ಪತ್ತು ಸಾಲುಗಳಲ್ಲಿ ಒಂದೂ ಇಲ್ಲ. ಅಲ್ಲಿದ್ದದ್ದು ದೋಣಿ ಮಗುಚಿದ ಕತೆ. ಗಾಳಿಯಿಲ್ಲದೆ ದೋಣಿ ಮಗುಚುತ್ತದೆಯೇ? ಪದಗಳನ್ನು ನುಂಗಿದ್ದೀರಿ ಎಂದು ಶಾರದಾಗೆ ಖಾರವಾಗಿಯೇ ಪತ್ರ ಬರೆದು ಹಾಕಿದೆ.

ಮರುವಾರ ಅಜ್ಜ ಪೇಟೆಗೆ ಬಂದವರು ಕೋಣೆಗೂ ಬಂದರು. ಅವರಿಗೆ ಓದು ಬರದು.

“ಎಂತ ತಮಾ, ಇದು ಹೊಳೂದು?”

“ನೀವು ಗಾಳಿ ಅಂದದ್ದು ಅಜ್ಜ. ದೋಣಿ ಮಗುಚಿದ ಕತೆಯಲ್ಲಿ ಮಾತ್ರ ಬಿಟ್ಟುಹೋಗಿದೆ, ಇಲ್ಲಿ ನೋಡಿ.”

ಅಜ್ಜ ಆ ಮಂಕು ಸಾಲುಗಳ ಮೇಲೆ ಅಂಗೈ ಇಟ್ಟರು.

“ಬಿಟ್ಟುಹೋಗ್ಲಿಲ್ಲ. ನಮ್ಮಣ್ಣ ಹೋದ ದಿನ ಅದು. ಜನರನ್ನ ತಕೊಂಡು ಹೋದದ್ರ ಹೆಸ್ರು ಆ ಕತೆ ಹೇಳೂವಾಗ ನಾವು ತೆಗೂದಿಲ್ಲ. ‘ಅದು’ ಅಂತೇವೆ, ಅಷ್ಟೇ.”

ಅಂದೇ ಶಾರದಾಗೆ ಕ್ಷಮೆ ಕೇಳಿ, ಅಜ್ಜನ ಅಣ್ಣನ ಕತೆಯನ್ನೆಲ್ಲ ವಿವರಿಸಿ ಇನ್ನೊಂದು ಪತ್ರ ಬರೆದೆ. ಲಕೋಟೆ ಅಂಟಿಸುವ ಮುಂಚೆ ಓದಿ ನೋಡಿದರೆ, ಆ ದೋಣಿಯನ್ನು ಮಗುಚಿದ್ದಕ್ಕೆ ನಾನೂ ‘ಅದು’ ಎಂದೇ ಬರೆದಿದ್ದೆ. ಈ ಸಲ ಪದ ನುಂಗಿದವನು ನಾನೇ.