ಖಂಡೆ ಪೂಜೆಗೆ ಕುಳಿತ ನನ್ನ ಪುಟ್ಟ ಕಟರ್

ಟಕ್! ಪ್ಲಾಸ್ಟಿಕ್ ಫ್ರೇಮಿನಿಂದ ಮಾಡೆಲ್ ವಿಮಾನದ ಪುಟ್ಟ ಚಕ್ರವನ್ನು ಕತ್ತರಿಸುವಾಗಿನ ಸದ್ದು. ನಾನು ಇಂಡಿ ಊರಿನ ಮನೆಗೆ ಸೊಸೆಯಾಗಿ ಬಂದ ಹೊಸತು. ಆ ಸದ್ದು ಕೇಳಿದರೆ ಸಾಕು, ದಸರೆಗೆಂದು ಸಿಂದಗಿಯಿಂದ ಬಂದಿದ್ದ ನಮ್ಮವರ ಸೋದರತ್ತೆ ಸಿಡುಕುತ್ತಿದ್ದರು. "ಕಾನ್ವೆಂಟ್ ಕಲ್ತ ಸೊಸಿ ಸಣ್ಣ ಹುಡುಗೂರ ಗತೆ ಆಟಿಗಿ ಸಾಮಾನು ಹರವಿಕೊಂಡು ಕುಂತಾಳ! ಮೊದ್ಲ ಅವನ್ನ ಹೊರಗ ಒಗೀರಿ."

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ಬೆಳಿಗ್ಗೆ ನೋಡುತ್ತೇನೆ, ಮೇಜಿನ ಮೇಲೆ ಕಟರ್ ಇಲ್ಲ, ಬ್ರಶ್ ಇಲ್ಲ, ಅರ್ಧ ಜೋಡಿಸಿದ್ದ ವಿಮಾನವೂ ಇಲ್ಲ. ಒಗೆದೇ ಬಿಟ್ಟರು, ಸ್ಕೂಲ್ ದಿನಗಳಿಂದ ಬಂದ ನನ್ನ ಹಾಬಿ ಇಲ್ಲಿಗೆ ಫಿನಿಶ್ ಎಂದುಕೊಂಡು ದೇವರ ಕೋಣೆಗೆ ಹೋದೆ. ಅಲ್ಲಿ ಕುಡುಗೋಲು, ಕೊಡಲಿಗಳ ನಡುವೆ ಅವೆಲ್ಲ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು!

ನನ್ನ ಅತ್ತೆ ತಮ್ಮ ನಾದಿನಿಗೆ ಹೇಳುತ್ತಿದ್ದರು: "ಒಗ್ಯಾಕ ಬರೂದಿಲ್ರಿ ಅಕ್ಕಾರ. ಅಕಿ ಕೈಯಾಗಿನ ಹತಾರ ಅವು." ಆಮೇಲೆ ನನ್ನತ್ತ ತಿರುಗಿ, "ಇವತ್ತ ನೀನೂ ಮುಟ್ಟಬ್ಯಾಡವಾ. ಪೂಜಿ ದಿನ ಹತಾರಕ್ಕ ಸೂಟಿ ಇರತೈತಿ," ಎಂದು ನಕ್ಕರು.

ಪೂಜೆಯಾದ ಮೇಲೆ ಅವು ಆಟಿಕೆ ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಇಂದು ನನ್ನ ಶೋಕೇಸ್ ತುಂಬ ವಿಮಾನ, ಹಡಗುಗಳಿದ್ದರೆ ಅದು ಅತ್ತೆಯವರ ದೊಡ್ಡ ಮನಸ್ಸು. ಕೊನೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು, ಮಾತು ನಿಂತಿತ್ತು. ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೆರಳಿಗೆ ಅಂಟಿ ಒಣಗಿದ್ದ ಗ್ಲೂವನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಿದ್ದರು.