ಮೇಕೆ ಹೊಂಡ ದಾಟಿದ ಬಗೆ

ಅತ್ತೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅದನ್ನು ಬದಿಗಿಟ್ಟು ಸಮಾಧಾನವಾಗಿ ಬರೆಯೋಣ ಎಂದು ನೋಡಿದೆ, ಆಗಲಿಲ್ಲ. ಹಾಳಾಗಿ ಹೋಗಲಿ, ಸಿಟ್ಟಿನ ಜೊತೆಗೇ ಬರೆಯುತ್ತೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗದೆ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಇದ್ದವಳು. ಅವಳ ಕೆಲಸ ಕಾರ್ಟೂನ್ ಚಿತ್ರಗಳಿಗೆ ಬಣ್ಣ ತುಂಬುವುದು. ಕಂಪ್ಯೂಟರಿನ ಹೆಸರನ್ನೂ ಯಾರೂ ಕೇಳಿರದ ಕಾಲ ಅದು. ಪರದೆಯ ಮೇಲೆ ಒಂದು ಪ್ರಾಣಿ ಒಂದು ಹೆಜ್ಜೆ ಇಡಬೇಕಾದರೆ ಹತ್ತಾರು ಚಿತ್ರ ಬೇಕಾಗುತ್ತಿತ್ತು. ಒಂದೊಂದನ್ನೂ ಗಾಜಿನಂಥ ತೆಳು ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಿ, ಹಾಳೆ ಮಗುಚಿ ಹಿಂಬದಿಯಿಂದ ಬಣ್ಣ ಬಳಿದು, ಕ್ಯಾಮರಾದ ಕೆಳಗೆ ಒಂದರ ಹಿಂದೊಂದರಂತೆ ಇಟ್ಟು ಫೋಟೊ ತೆಗೆಯುತ್ತಿದ್ದರು. ಹಿಂಬದಿಯಿಂದ ಬಳಿಯುವುದರಿಂದ ಎಲ್ಲವೂ ತಲೆಕೆಳಗು: ಕಣ್ಣಿನ ಮಿಂಚು ಮೊದಲು, ಕಣ್ಣು ಆಮೇಲೆ, ಮೈ ಕೊನೆಗೆ. ಬೆರಳಿನ ಗುರುತು ಬೀಳಬಾರದೆಂದು ಹತ್ತಿಯ ಕೈಗವಸು ಹಾಕಿಕೊಂಡು, ಗವಸಿನ ಹೆಬ್ಬೆರಳು, ತೋರುಬೆರಳಿನ ತುದಿ ಮಾತ್ರ ಕತ್ತರಿಸಿಕೊಂಡಿರುತ್ತಿದ್ದರು. ಫ್ಯಾನು ಹಾಕುವಂತಿರಲಿಲ್ಲ, ಧೂಳು ಏಳುತ್ತದೆ. ಸೀನಿದರೂ ಬೈಗುಳ.

ಸ್ಟುಡಿಯೋ ಎಂದರೆ ಒಂದು ಹಳೆಯ ಗೋದಾಮು. ಮೇಲಿನ ಅಂತಸ್ತಿನಲ್ಲಿ ಗಂಡಸರು. ಪ್ರಾಣಿಗಳನ್ನು ಓಡಿಸುವುದು, ಬೀಳಿಸುವುದು, ಹಾರಿಸುವುದು ಎಲ್ಲ ಅವರ ಪೆನ್ಸಿಲಿನ ಕೆಲಸ. ಕೆಳಗೆ ಹೆಂಗಸರು; ಮೇಲಿನವರು ಬರೆದದ್ದನ್ನು ತಿದ್ದಿ ಬಣ್ಣ ತುಂಬುವುದು. ಏಣಿಮೆಟ್ಟಿಲು ಹತ್ತಿ ಹೋಗಿ, ನನಗೂ ಪ್ರಾಣಿ ನಡೆಸೋಕೆ ಒಂದು ಅವಕಾಶ ಕೊಡಿ ಎಂದು ಅತ್ತೆ ಕೇಳಿದಾಗಲೆಲ್ಲ ಮಾಲೀಕರದು ಒಂದೇ ಮಾತು. “ಬಣ್ಣಕ್ಕೆ ಹೆಂಗಸರ ಕೈ ಸರಿಯಮ್ಮ. ಚಲನೆ ಅನ್ನೋದು ಗಂಡಸರ ತಲೆಯಿಂದ ಬರಬೇಕು.” ಆಹಾ! ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದು ಕಡೆ ಕೂರದೆ ಓಡಾಡುವವರು ಯಾರೋ, ಕಾಲು ಚಾಚಿ ಪೇಪರ್ ಓದುವವರು ಯಾರೋ! ಚಲನೆಯಂತೆ, ತಲೆಯಂತೆ.

ಅತ್ತೆ ಬಿಡುವವಳಲ್ಲ. ಕೇಳುತ್ತಲೇ ಇದ್ದಳು. ಕೊನೆಗೆ ಮೇಲಿನ ಚಿತ್ರಗಾರನೊಬ್ಬ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡ. ಚಿತ್ರ ಬಿಡುಗಡೆಯ ದಿನ ಹತ್ತಿರ ಬಂದಿತ್ತು. ಅವನ ಪಾಲಿನ ಜಗಳ, ಗುದ್ದಾಟಗಳನ್ನೆಲ್ಲ ಮಿಕ್ಕವರು ಹಂಚಿಕೊಂಡರು. ಯಾರಿಗೂ ಬೇಡವಾದ ಒಂದು ತುಂಡು ಉಳಿಯಿತು: ಯಜಮಾನನ ದೊಡ್ಡ ಬೂಟು ಕದ್ದು ಹಾಕಿಕೊಂಡ ಮೇಕೆ ಒಂದು ನೀರಿನ ಹೊಂಡ ದಾಟುತ್ತದೆ, ಅಷ್ಟೇ. ಬೀಳುವುದಿಲ್ಲ, ಜಾರುವುದಿಲ್ಲ, ಯಾರೂ ಒದೆಯುವುದಿಲ್ಲ. “ಏನೂ ಆಗದ ಸೀನು, ಬೇಕಾದರೆ ಇವಳೇ ಬರೀಲಿ” ಎಂದರು ಮಾಲೀಕರು. ಭಿಕ್ಷೆ ಹಾಕಿದ ಹಾಗೆ.

ಅತ್ತೆ ಆ ತುಂಡಿಗೆ ಬಿದ್ದಳು ನೋಡಿ! ಊಟದ ತಟ್ಟೆಯ ಮುಂದೆ ಕೂತರೂ ಎರಡು ಬೆರಳನ್ನು ಮೇಜಿನ ಮೇಲೆ ನಡೆಸುತ್ತಿದ್ದಳಂತೆ. ಬರೆದಳು, ಹರಿದಳು, ಮತ್ತೆ ಬರೆದಳು. ಮೇಕೆ ಹೊಂಡದ ಅಂಚಿಗೆ ಬಂದು ನಿಲ್ಲುತ್ತದೆ. ಒಂದು ಬೂಟಿನ ಮೂತಿಯಿಂದ ನೀರನ್ನು ಮುಟ್ಟಿ ಹಿಂದಕ್ಕೆಳೆದುಕೊಳ್ಳುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ತುದಿಗಾಲಲ್ಲಿ, ಬೂಟು ಕಳಚಿಬೀಳದ ಹಾಗೆ ಬೆರಳು ಮಡಚಿಕೊಂಡು ದಾಟುತ್ತದೆ. ಆಚೆ ದಡ ಸೇರಿ, ಯಾರಾದರೂ ನೋಡಿದರೇನೋ ಎಂದು ತಿರುಗಿ ನೋಡಿ, ದೊಡ್ಡ ಮನುಷ್ಯನ ಹಾಗೆ ಎದೆಯುಬ್ಬಿಸಿ ಹೊರಟುಹೋಗುತ್ತದೆ. ಮೇಕೆಗೆ ಕಾಲ್ಬೆರಳು ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ, ಟಾಕೀಸಿನಲ್ಲಿ ಯಾರೂ ಕೇಳಲಿಲ್ಲ. ಮಕ್ಕಳು ಕುರ್ಚಿಯ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಪರದೆಯ ಮೇಲೆ ಹೆಸರು ಬಂದದ್ದು ಮಾತ್ರ ಕೈ ಮುರಿದವನದು.

ಅದನ್ನು ನೋಡಲು ಅತ್ತೆ ಅಪ್ಪನನ್ನು ಕರೆದಳು. ಒಂದು ಸಲವಲ್ಲ, ಚಿತ್ರ ಟಾಕೀಸಿನಲ್ಲಿ ಇರುವವರೆಗೂ ಕರೆದಳು. ಅಪ್ಪ ಆಗ ತಾನೇ ಕಚೇರಿಯಲ್ಲಿ ಹೆಡ್ ಗುಮಾಸ್ತನಾಗಿದ್ದ. ನೆಲಕ್ಕೆ ಕಾಲು ತಾಗುತ್ತಿರಲಿಲ್ಲ.

“ಹೆಡ್ ಗುಮಾಸ್ತ ಮೇಕೆ ನೋಡೋಕೆ ಟಾಕೀಸಿಗೆ ಹೋದ ಅಂತ ಕಚೇರೀಲಿ ಆಡ್ಕೊಂಡು ನಗಬೇಕಾ? ಮಕ್ಕಳ ಆಟ ಅದು. ನೀನು ಬಳಿದ ಬಣ್ಣ ಚೆನ್ನಾಗೇ ಇರುತ್ತೆ ಬಿಡು.”

“ಬಣ್ಣ ಅಲ್ಲ ಅಣ್ಣ, ನಡೆಸಿರೋದು ನಾನು. ಒಂದು ಸಲ ಬಾ.”

“ಆಯ್ತು ಆಯ್ತು, ನೋಡೋಣ.”

ನೋಡೋಣ ಎಂದವನು ನೋಡಲಿಲ್ಲ. ಚಿತ್ರ ಎತ್ತಂಗಡಿಯಾಯಿತು.

ಆಮೇಲೆ ತೊಳೆಯುವ ಕೆಲಸ. ಆ ಹಾಳೆ ದುಬಾರಿ. ಅದಕ್ಕೇ ಫೋಟೊ ತೆಗೆದು ಚಿತ್ರ ಮುಗಿದ ಮೇಲೆ ಹಾಳೆಗಳನ್ನೆಲ್ಲ ಸೋಡಾ ಬೆರೆಸಿದ ಬಿಸಿನೀರಿನ ತೊಟ್ಟಿಗೆ ಹಾಕಿ, ಬಣ್ಣ ಉಜ್ಜಿ ತೆಗೆದು, ಮುಂದಿನ ಚಿತ್ರಕ್ಕೆ ಬಳಸುವುದು ಅಲ್ಲಿನ ರೂಢಿ. ಬಳಿದವರೇ ತೊಳೆಯಬೇಕು. ಅತ್ತೆಯೂ ತನ್ನ ಮೇಕೆಯನ್ನು ತಾನೇ ಉಜ್ಜಿ ಉಜ್ಜಿ ಅಳಿಸಿದಳು. ನೀರೆಲ್ಲ ಕಂದುಬಣ್ಣವಾಯಿತಂತೆ. ಒಂದೇ ಒಂದು ಹಾಳೆ ಎತ್ತಿಟ್ಟುಕೊಳ್ಳಬಾರದಿತ್ತೇ ಎಂದು ನಾನು ಎಷ್ಟೋ ವರ್ಷಗಳ ನಂತರ ಕಿರುಚಾಡಿದ್ದೇನೆ. ಅವಳು ಶಾಂತವಾಗಿ ಹೇಳಿದ್ದು ಇಷ್ಟೇ: “ಯಾಕೆ ಎತ್ತಿಡಬೇಕು? ಫಿಲ್ಮಿನಲ್ಲಿ ಇದೆಯಲ್ಲ. ಇನ್ನೆಲ್ಲಿ ಹೋಗುತ್ತೆ ಅಂದ್ಕೊಂಡೆ.” ಅವರೆಲ್ಲರೂ ಹಾಗೆಯೇ ನಂಬಿದ್ದರು. ಹಾಳೆ ಅಳಿಯಬಹುದು, ಫಿಲ್ಮು ಅಳಿಯುವುದಿಲ್ಲ ಎಂಬುದು ಆ ತೊಟ್ಟಿಯ ಸುತ್ತ ಕೂತ ಹೆಂಗಸರ ದೇವರಾಣೆಯ ನಂಬಿಕೆ.

ಮನೆಮನೆಗೂ ಟಿವಿ ಬಂತು, ಟಾಕೀಸಿನ ಕಾರ್ಟೂನು ಕೇಳುವವರಿಲ್ಲದಾಯಿತು. ಸ್ಟುಡಿಯೋ ಮುಚ್ಚಿತು. ಮೂಲ ಫಿಲ್ಮುಗಳನ್ನು ಮಾಲೀಕರು ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಹಾಕಿದರು. ಹಳೆಯ ಫಿಲ್ಮು ಕರಗಿಸಿದರೆ ಚೂರು ಬೆಳ್ಳಿ ಸಿಗುತ್ತದಂತೆ. ಚಿತ್ರಕ್ಕೊಂದರಂತೆ ಉಳಿದ ಪ್ರತಿಗಳನ್ನು ಟಿವಿಯವರಿಗೆ ಮಾರಿದರು. ಅತ್ತೆ ಟಿವಿ ಕಾರ್ಟೂನು ಮಾಡುವ ಕಡೆ ಕೆಲಸಕ್ಕೆ ಸೇರಿದಳು. ಅದೊಂದು ಕರ್ಮ. ಅಲ್ಲಿ ಯಾವ ಪ್ರಾಣಿಯೂ ನಡೆಯುವ ಹಾಗಿಲ್ಲ, ಖರ್ಚಾಗುತ್ತದೆ. ಮೈ ಗೂಟದ ಹಾಗೆ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ತಲೆಯನ್ನು ಬೇರೆ ಹಾಳೆಯಲ್ಲಿ ಬರೆದು ಮೈ ಮೇಲೆ ಇಡುವುದರಿಂದ, ಸೇರಿಸಿದ ಗೆರೆ ಕಾಣದಿರಲಿ ಎಂದು ಕರಡಿಗೂ ಕಾಲರು, ಹಂದಿಗೂ ಟೈ. ಓಡಿದರೆ ಹಿಂದೆ ಅದೇ ಮರ, ಅದೇ ಕಿಟಕಿ, ಮತ್ತೆ ಅದೇ ಮರ. ನಡೆಸುವುದಕ್ಕೆ ಅಷ್ಟು ಹಂಬಲಿಸಿದ ನನ್ನ ಅತ್ತೆ ನಿವೃತ್ತಿಯವರೆಗೆ ಬರೆದದ್ದು ಬರೀ ಬಾಯಿಗಳನ್ನು! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಅತ್ತೆ ನಿವೃತ್ತಳಾದ ವರ್ಷ, ಒಂದು ದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ಭಾನುವಾರ ಸಂಜೆ ಟಿವಿಯಲ್ಲಿ ಹಳೆಯ ಮೇಕೆಯ ಚಿತ್ರ. ಅತ್ತೆ ಪತ್ರಿಕೆ ಹಿಡಿದು ಮೆಟ್ಟಿಲು ಇಳಿದು ಬಂದ ರಭಸ ನೋಡಬೇಕಿತ್ತು. ಅಮ್ಮನಿಗೆ ಹೇಳಿದಳು, ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಹೇಳಿದಳು. ಕೊನೆಗೆ ಅಪ್ಪನ ಕುರ್ಚಿಯ ಮುಂದೆ ಬಂದು ನಿಂತಳು.

“ಅಣ್ಣ, ಈಗ ನೀನು ಟಾಕೀಸಿಗೂ ಬರೋದು ಬೇಡ. ಮನೇಲೇ ಕೂತು ನೋಡು.”

“ಆಯ್ತಮ್ಮ, ನೋಡ್ತೀನಿ” ಎಂದ ಅಪ್ಪ. ಅವನೂ ಆಗ ಕೆಲಸದಿಂದ ಇಳಿದಿದ್ದ, ಆಡಿಕೊಂಡು ನಗುವ ಕಚೇರಿ ಇರಲಿಲ್ಲ.

ಭಾನುವಾರ ನಡುಮನೆ ತುಂಬಿತು. ಅಪ್ಪ ಕನ್ನಡಕ ಒರೆಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತ. ಚಿತ್ರ ಶುರುವಾಯಿತು. ಅತ್ತೆ ಟಿವಿ ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮೇಕೆ ಬೂಟು ಕದ್ದಿತು, ಬೇಲಿ ಹಾರಿತು, ದಾರಿಗೆ ಬಂತು. “ಈಗ, ಈಗ ನೋಡು” ಎಂದಳು ಅತ್ತೆ. ದೂರದಲ್ಲಿ ಹೊಂಡ ಕಂಡಿತು, ಮೇಕೆ ಅದರತ್ತ ಹೆಜ್ಜೆ ಹಾಕಿತು, ಅಷ್ಟರಲ್ಲಿ ಪರದೆಯ ತುಂಬ ಒಬ್ಬಳು ಸೋಪಿನ ನೊರೆಯಲ್ಲಿ ಮುಖ ತೊಳೆದುಕೊಂಡಳು. ಹಿಂದೆಯೇ ಬಿಸ್ಕತ್ತು. ಅದರ ಹಿಂದೆ ಟಯರು. ಚಿತ್ರ ಮತ್ತೆ ಬಂದಾಗ ಮೇಕೆ ಹೊಂಡದ ಆಚೆಗೆ, ಊರೊಳಗೆ ಒದೆ ತಿನ್ನುತ್ತಿತ್ತು.

“ಇನ್ನೂ ಬರುತ್ತೆ, ಇರಿ” ಎಂದಳು ಅತ್ತೆ. ಬರಲಿಲ್ಲ. ಚಿತ್ರ ಮುಗಿಯಿತು.

“ಇಷ್ಟೇನಾ?” ಎಂದ ಅಪ್ಪ. ಕೊಂಕು ಮಾತಲ್ಲ, ನಿಜವಾಗಿಯೂ ಕೇಳಿದ. ಅದೇ ಇನ್ನೂ ಕೆಟ್ಟದಾಗಿತ್ತು. ದರ್ಜಿಯ ಹೆಂಡತಿ ನಯವಾಗಿ, “ಹಳೇ ಕಾಲದ್ದಲ್ವಾ, ಒಂದೊಂದು ಸಲ ನಾವು ಮಾಡಿದ್ದೇನು, ಬೇರೆಯವರು ಮಾಡಿದ್ದೇನು ಅಂತ ಗೊಂದಲ ಆಗುತ್ತೆ” ಎಂದಳು. ನನ್ನ ನಾಲಗೆ ತುದಿಯವರೆಗೆ ಬಂದದ್ದನ್ನು ಅಮ್ಮನ ಕಣ್ಣು ತಡೆಯಿತು. ಅತ್ತೆ ಎದ್ದು ಮಹಡಿಗೆ ಹೋದಳು.

ಮರುದಿನ ಅಪ್ಪನೇ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ. “ನಡೀರಿ, ಟಿವಿ ಆಫೀಸಿಗೆ ಹೋಗಿ ಬರೋಣ.” ಯಾರೂ ಹೇಳಿರಲಿಲ್ಲ, ಅವನಿಗೇ ರಾತ್ರಿಯೆಲ್ಲ ಏನೋ ಕೊರೆದಿತ್ತು.

ಅಲ್ಲಿ ಫಿಲ್ಮು ಕತ್ತರಿಸುವ ವಿಭಾಗದ ಅಧಿಕಾರಿ ನಮ್ಮನ್ನು ಕೂರಿಸಿ ಮಾತಾಡಿಸಿದ. ಮರ್ಯಾದಸ್ಥ. ಮರ್ಯಾದಸ್ಥರ ಮೇಲೆ ಕೂಗಾಡುವುದು ಕಷ್ಟ, ಅದೇ ಅವರ ಅನುಕೂಲ.

“ಜಾಹೀರಾತಿಗೆ ಜಾಗ ಬೇಕಲ್ಲ ಸಾರ್. ಕಥೆಗೆ ಬೇಡದ್ದು ಯಾವುದು ಅಂತ ನೋಡಿ ತೆಗೀತೀವಿ. ಆ ಹೊಂಡದ ಸೀನಲ್ಲಿ ಏನೂ ಆಗಲ್ಲ.”

ಮೂಗಿಗಿಂತ ಮೂಗುತಿ ಭಾರ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮೇಜು ಗುದ್ದಿದ.

“ಏನೂ ಆಗಲ್ವಾ? ನನ್ನ ತಂಗಿ ಜೀವ ತೇಯ್ದು ಬರೆದಿದ್ದು ಕಣ್ರೀ ಅದು! ಕತ್ತರಿಸಿದ ತುಂಡು ಎಲ್ಲಿದೆ? ಕೊಡಿ ಇಲ್ಲಿ.”

“ತುಂಡು ಇಟ್ಕೊಳ್ಳಲ್ಲ ಸಾರ್. ಅವತ್ತಿನ ಕಸ ಅವತ್ತೇ ಹೋಗುತ್ತೆ.”

“ಬೇರೆ ಪ್ರತಿ?”

“ಬೇರೆ ಇಲ್ಲ ಸಾರ್. ಇದ್ದದ್ದು ಅದೊಂದೇ.”

“ಅಯ್ಯೋ ಪುಣ್ಯಾತ್ಮ! ಇಡೀ ಚಿತ್ರದಲ್ಲಿ ಚೆನ್ನಾಗಿದ್ದಿದ್ದೇ ಅದು!”

ಅಧಿಕಾರಿ ಸ್ವಲ್ಪ ಮುಂದೆ ಬಾಗಿ, ನಿಜವಾದ ಕುತೂಹಲದಿಂದಲೇ ಕೇಳಿದ. “ನೀವು ಟಾಕೀಸಲ್ಲಿ ನೋಡಿದ್ರಾ ಸಾರ್?”

ಅಪ್ಪ ಮೇಜಿನ ಮೇಲಿಂದ ಕೈ ತೆಗೆದ. ಅತ್ತೆ ಎದ್ದಳು. “ನಡಿ ಅಣ್ಣ, ಹೋಗೋಣ.”

ಮೆಟ್ಟಿಲು ಇಳಿಯುವಾಗ ಅಪ್ಪ ಅವರನ್ನೆಲ್ಲ ಬೈದ. ಕಟುಕರು ಎಂದ, ಅಡ್ಡಕಸುಬಿಗಳು ಎಂದ. ನಡುವಿನ ತಿರುವಿನಲ್ಲಿ ಅಪ್ಪ ದನಿ ತಗ್ಗಿಸಿ ಕೇಳಿದ. “ಅಲ್ಲಮ್ಮ, ಅದು ಹೇಗೆ ದಾಟ್ತಿತ್ತು? ಹೇಳಾದ್ರೂ ಹೇಳು.”

“ನಿನ್ನ ಹಾಗೆ.”

“ಏನು?”

“ನಮ್ಮಪ್ಪ ನಿನಗೆ ತನ್ನ ಹಳೇ ಬೂಟು ಕೊಟ್ಟಿದ್ರಲ್ಲ, ಸ್ಕೂಲಿಗೆ ಹಾಕ್ಕೊಂಡು ಹೋಗೋಕೆ. ನಿನ್ನ ಕಾಲಿಗೆ ದೊಡ್ಡದು. ನೀರು ತಾಗಬಾರದು, ಕಳಚಿಬೀಳಲೂಬಾರದು ಅಂತ ಬೆರಳು ಮಡಚ್ಕೊಂಡು ತುದಿಗಾಲಲ್ಲಿ ದಾಟ್ತಿದ್ದೆ. ದಾಟಿ, ಯಾರಾದ್ರೂ ನೋಡಿದ್ರಾ ಅಂತ ತಿರುಗಿ ನೋಡ್ತಿದ್ದೆ. ನೋಡ್ತಿದ್ದವಳು ನಾನೊಬ್ಬಳೇ, ನಿನ್ನ ಹಿಂದೆ ಬರಿಗಾಲಲ್ಲಿ.” ಅತ್ತೆಯ ದನಿ ಅಷ್ಟು ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಆ ಮೇಕೆ ನೀನೇ ಕಣೋ ಅಣ್ಣ! ಊರೆಲ್ಲ ನಿನ್ನ ನೋಡಿ ಚಪ್ಪಾಳೆ ಹೊಡೀತು. ಆ ಸೋಪಿಗೆ ಜಾಗ ಮಾಡಿದೋನಿಗೆ ಬೈದ್ರೆ ಏನು ಬಂತು? ಅವನು ಕತ್ತರಿಸಿದ್ದು ನಿನ್ನೆ. ನಾನು ನಿನ್ನ ಎಷ್ಟು ದಿನ ಕರೆದೆ?”

“ಹಾಗಂತ ಅವತ್ತೇ ಹೇಳಬಾರದಿತ್ತೇನೇ?”

“ಹೇಳಿದ್ರೆ ನೀನು ಬರ್ತಿದ್ದೆ. ಮೇಕೆ ನೀನೇ ಅಂತ ಬರ್ತಿದ್ದೆ. ನನ್ನ ಕೆಲಸ ಅಂತ ಬಾ ಅಂದೆ ನಾನು.”

ಅವಳು ಇಳಿದು ಹೋದಳು. ಅಪ್ಪ ಗೋಡೆ ಹಿಡಿದು ಮೆಟ್ಟಿಲಿನ ಮೇಲೆ ಕೂತ. ಹೋಗುವವರು ಬರುವವರು ಅವನನ್ನು ಬಳಸಿಕೊಂಡು ಹತ್ತಿದರು, ಇಳಿದರು. ಅವನು ನನ್ನ ಕಡೆ ನೋಡದೆ, “ನೀನು ಅವಳ ಜೊತೆ ಹೋಗು” ಎಂದ.

ನಾನು ಹೋದೆ. ಅಪ್ಪನ ಪಕ್ಕ ಕೂರಬೇಕೆಂದು ನನಗೆ ಅನ್ನಿಸಲೇ ಇಲ್ಲ.